ನಂಬರ್ ಇಲ್ಲದ ಡಬ್ಬಿ

ಅಕ್ಕ ಎಲ್ಲಿಗೆ ಹೋದರೂ ತಾವು ಕೂರುವ ಹಾಳೆಯನ್ನು ತಾವೇ ಒಯ್ಯುತ್ತಿದ್ದರು. ಗೊಬ್ಬರದ ಚೀಲವನ್ನು ಚೌಕವಾಗಿ ಕತ್ತರಿಸಿ, ಅಂಚು ಮಡಚಿ, ಕೈಹೊಲಿಗೆ ಹಾಕಿದ ಹಾಳೆ ಅದು. ನಾಲ್ಕು ಮಡಿಕೆ ಮಾಡಿ ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಬಸ್ಸಿನ ಸೀಟಿರಲಿ, ಅಂಗನವಾಡಿಯ ಚಾಪೆಯಿರಲಿ, ಊರ ಕಟ್ಟೆಯಿರಲಿ, ಮೊದಲು ಹಾಳೆ, ಆಮೇಲೆ ಅಕ್ಕ. ಯಾರದಾದರೂ ಮನೆಗೆ ಹೋದರಂತೂ ಅದನ್ನು ಹಾಸಿಯೂ ಕೂರುತ್ತಿರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ ಮಾತು ಮುಗಿಸಿ ಹೊರಡುತ್ತಿದ್ದರು.

ಹದಿನೈದು ದಿನದ ಹಿಂದೆ ಕೊಟ್ಟೂರಿನಲ್ಲಿ ಅವರು ತೀರಿಕೊಂಡರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಾವಿಬ್ಬರೂ ಕೂಡಿ ಮಾಡಿದ ಕೆಲಸದಲ್ಲಿ ಯಾರ ಹೆಸರನ್ನೂ ಬರೆಯುತ್ತಿರಲಿಲ್ಲ, ನಂಬರ್ ಮಾತ್ರ ಬರೆಯುತ್ತಿದ್ದೆವು. ಅಕ್ಕನಿಗೆ ನಂಬರೂ ಇರಲಿಲ್ಲ. ಹಾಗಾಗಿ ಬರೀ ಅಕ್ಕ ಎಂದು ಬರೆಯುತ್ತೇನೆ.

ಕೆಲಸ ಎಂಥದೆಂದು ಹೇಳಿಬಿಡುತ್ತೇನೆ, ಹೇಳಲು ನಾಚುವ ಕಾಲ ನನ್ನ ಪಾಲಿಗೆ ಮುಗಿದಿದೆ. ಹೆಂಗಸರಿಗೆ ಮೂತ್ರ ಸೋರುವ ತೊಂದರೆ ಇರುತ್ತದೆ. ಕೆಲವರಿಗೆ ಕೆಮ್ಮಿದರೆ, ನಕ್ಕರೆ, ಕೊಡ ಎತ್ತಿದರೆ ಸೋರುತ್ತದೆ. ಕೆಲವರಿಗೆ ಬಚ್ಚಲು ಮುಟ್ಟುವಷ್ಟರಲ್ಲಿ ಆಗಿಹೋಗಿರುತ್ತದೆ. ದೊಡ್ಡ ಊರಿನ ಆಸ್ಪತ್ರೆಯ ಡಾಕ್ಟರಮ್ಮ ಒಬ್ಬರು ನಮ್ಮ ಕಡೆಯ ಹಳ್ಳಿಗಳಲ್ಲಿ ಇದರ ಸಂಶೋಧನೆ ಕೈಗೆತ್ತಿಕೊಂಡಿದ್ದರು. ಯಾರದು ಯಾವ ಬಗೆಯ ತೊಂದರೆ ಎಂದು ಮೊದಲು ಪತ್ತೆಮಾಡಬೇಕು, ಆಮೇಲೆ ಬರೀ ವ್ಯಾಯಾಮದಿಂದ ಎಷ್ಟು ಗುಣ, ಜೊತೆಗೆ ಮಾತ್ರೆ ಕೊಟ್ಟರೆ ಎಷ್ಟು ಗುಣ ಎಂದು ನೋಡಬೇಕು. ಹಗರಿಬೊಮ್ಮನಹಳ್ಳಿ ಸ್ಟೇಷನ್ ಹತ್ತಿರದ ಎರಡು ಕೋಣೆಯ ಬಾಡಿಗೆ ಮನೆಯೇ ನಮ್ಮ ಆಫೀಸು. ಅಕ್ಕ ಹಳ್ಳಿ ತಿರುಗುವವರು, ನಾನು ಅವರು ತಂದದ್ದನ್ನು ಕಂಪ್ಯೂಟರಿಗೆ ತುಂಬುವವಳು. ನನ್ನ ಮೊದಲ ನೌಕರಿ ಅದು. ನಮ್ಮ ಮನೆತನದಲ್ಲೇ ಕುರ್ಚಿಯ ಮೇಲೆ ಕೂತು ಕೆಲಸ ಮಾಡಿದ ಮೊದಲ ಹೆಣ್ಣು ನಾನು. ಆ ಗರ್ವವೂ ಇತ್ತು, ಮೂಗಿನ ತುದಿಯಲ್ಲಿ ಸಿಟ್ಟೂ ಇತ್ತು.

ನಾನು ಸೇರಿದ ವಾರ ಡಾಕ್ಟರಮ್ಮ ಪ್ರಶ್ನೆಗಳ ಫಾರ್ಮ್ ತಂದಿದ್ದರು. ‘ದಿನವೊಂದಕ್ಕೆ ಮೂತ್ರ ವಿಸರ್ಜನೆಯ ಆವರ್ತನವನ್ನು ನಮೂದಿಸಿ’ ಎಂದು ಮೊದಲ ಸಾಲು. ಅಕ್ಕ ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

“ಮೇಡಂ, ಈ ಮಾತು ಹೊಸಹಳ್ಳಿ ಬಸ್ ಹತ್ತಂಗಿಲ್ರಿ.”

ಡಾಕ್ಟರಮ್ಮ ನಕ್ಕು, ಹಾಗಾದರೆ ಹತ್ತುವ ಮಾತು ನೀವೇ ಹುಡುಕಿ ಅಂದರು. ಅಕ್ಕ ಹುಡುಕಿದರು. ಸೋರುತ್ತದೆಯೇ ಎಂದು ಅವರು ಒಬ್ಬರನ್ನೂ ನೇರವಾಗಿ ಕೇಳಿದ್ದನ್ನು, ಒಮ್ಮೊಮ್ಮೆ ಜೊತೆಗೆ ಹೋಗುತ್ತಿದ್ದ ನಾನು, ನೋಡಿಲ್ಲ. ಬೋರ್‌ವೆಲ್ ನೀರು, ಸೊಸೆಯ ಬಾಣಂತನ, ಕುರಿಗೆ ಬಂದ ರೋಗ ಎಲ್ಲ ಮಾತಾಡಿ, ಹೊರಡುವ ಹೊತ್ತಿಗೆ ಸುಮ್ಮನೆ ಎಂಬಂತೆ ಕೇಳುತ್ತಿದ್ದರು. “ಕೆಮ್ಮು ಬಂದ್ರ ಸೀರಿ ಬದಲಿ ಮಾಡಬೇಕಾಗತೈತೇನವಾ?” ಎದುರಿನವಳು ನೆಲ ನೋಡುತ್ತಿದ್ದಳು. ಅಕ್ಕನೂ ನೆಲವನ್ನೇ ನೋಡುತ್ತಿದ್ದರು. ಹೀಗೆ ಇಬ್ಬರೂ ನೆಲ ನೋಡುತ್ತಿರುವಾಗ ಮಾತು ಹೊರಬರುತ್ತಿತ್ತು. ಒಬ್ಬ ಮುದುಕಿ, “ಇದನ್ನ ನನ್ನ ಗಂಡಗೂ ಹೇಳಿದ್ದಿಲ್ಲ ನೋಡವಾ. ಇದೂ ಒಂದು ರೋಗ ಅಂತ ಗೊತ್ತಿದ್ದಿಲ್ಲ, ನನ್ನ ಹಣೆಬರಾ ಅನ್ಕಂಡಿದ್ದೆ” ಎಂದು ಅಕ್ಕನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಮೂರು ದಿನದ ಲೆಕ್ಕ ಬೇಕಿತ್ತು. ಎಷ್ಟು ಸಲ ಬಚ್ಚಲಿಗೆ ಹೋದೆ, ಎಷ್ಟು ಸಲ ಬಟ್ಟೆ ಒದ್ದೆಯಾಯಿತು ಎಂದು ಬರೆದಿಡಬೇಕು. ಬರೆಯಲು ಬಾರದವರು ಏನು ಮಾಡಬೇಕು? ಡಬ್ಬಿಯ ಉಪಾಯ ಅಕ್ಕನದೇ. ಒಬ್ಬೊಬ್ಬರಿಗೆ ಮೂರು ಸಣ್ಣ ಡಬ್ಬಿ, ದಿನಕ್ಕೊಂದು. ಹೋಗಿ ಬಂದಾಗ ಒಂದು ಹುಣಸೆ ಬೀಜ ಹಾಕುವುದು, ಬಟ್ಟೆ ಒದ್ದೆಯಾದಾಗ ಒಂದು ಮೆಕ್ಕೆಜೋಳದ ಕಾಳು. ಡಾಕ್ಟರಮ್ಮ ಮೊದಲು ಅನುಮಾನಿಸಿದರು. ಓದು ಬರಹ ಬಲ್ಲ ಕೆಲವರಿಗೆ ಚೀಟಿ, ಡಬ್ಬಿ ಎರಡನ್ನೂ ಕೊಟ್ಟು ತಾಳೆ ನೋಡಿದರು. ಹೊಂದಿಕೊಂಡಿತು. ಅಂದಿನಿಂದ ನಮ್ಮ ಆಫೀಸಿನ ತುಂಬ ಹುಣಸೆ ಬೀಜ.

ಫಜೀತಿಗಳೂ ಆದವು. ತಂಬ್ರಹಳ್ಳಿಯ ಒಬ್ಬಳ ಡಬ್ಬಿಯಲ್ಲಿ ಮೂರೂ ದಿನ ಐದು ಬೀಜ, ಐದು ಕಾಳು. ವಿಚಾರಿಸಿದರೆ ಅವಳ ಅತ್ತೆ ತಾನೇ ತುಂಬಿಟ್ಟಿದ್ದಳು. “ನೀವು ಅಷ್ಟು ದೂರದಿಂದ ಬರ್ತೀರಿ, ಡಬ್ಬಿ ಖಾಲಿ ಇದ್ರ ಬ್ಯಾಸರ ಮಾಡ್ಕಂತೀರಿ ಅಂತ ಹಾಕಿದೆ” ಅಂದಳಂತೆ. ಕೂಡ್ಲಿಗಿ ಕಡೆಯ ಕುರಿ ಸಾಕುವವರ ಮನೆಯ ಇನ್ನೊಬ್ಬಳ ಡಬ್ಬಿಯಲ್ಲಿ ಬೀಜವಷ್ಟೇ ಇತ್ತು, ಕಾಳು ಒಂದೂ ಇಲ್ಲ. ನಾನು ತೊಂದರೆ ಇಲ್ಲ ಎಂದು ತುಂಬಿ, ಚಿಕಿತ್ಸೆಯ ಪಟ್ಟಿಯಿಂದ ಅವಳನ್ನು ಕೈಬಿಟ್ಟೆ. ಅಕ್ಕ ಒಪ್ಪಲಿಲ್ಲ.

“ಅವರ ಮನಿ ತಂತಿ ಮ್ಯಾಲೆ ಒಂದ ದಿನಕ್ಕ ನಾಕು ಲಂಗ ಒಣಗಾಕಿದ್ರು ತಂಗಿ. ಕಾಳು ಎಲ್ಲಿಗೆ ಹೋದ್ವು?”

ಮತ್ತೆ ಹೋಗಿ ನೋಡಿದರು. ಅವಳು ಡಬ್ಬಿಯ ಮುಚ್ಚಳ ತೆಗೆದೇ ಇಡುತ್ತಿದ್ದಳು. ಕೋಳಿಗಳು ಬೀಜ ಬಿಟ್ಟು ಕಾಳಷ್ಟನ್ನೇ ಆರಿಸಿ ತಿಂದಿದ್ದವು. ಆ ಮಾತಿಗೆ ಆಫೀಸಿನಲ್ಲಿ ವಾರವಿಡೀ ನಕ್ಕೆವು. ಅಕ್ಕ ಮಾತ್ರ ನಗಲಿಲ್ಲ. ಯಾವ ಹಳ್ಳಿಗೆ ಹೋದರೂ ಮೊದಲು ತಂತಿ ನೋಡು ಎಂದು ಅಂದಿನಿಂದ ನನಗೆ ಪಾಠ ಹೇಳತೊಡಗಿದರು.

ನೀರು ಕುಡಿಯುವುದನ್ನೇ ಬಿಟ್ಟ ಹೆಂಗಸರನ್ನು ಕಂಡರೆ ಅವರಿಗೆ ಸಿಟ್ಟು ಬರುತ್ತಿತ್ತು. “ನೀರು ಬಿಟ್ರ ಉರಿ ಹೆಚ್ಚಾಗತೈತಿ, ಸೋರೋದು ನಿಲ್ಲಂಗಿಲ್ಲ, ಕುಡೀರಿ” ಎಂದು ಗದರುತ್ತಿದ್ದರು. ವ್ಯಾಯಾಮ ಹೇಳಿಕೊಡುವುದನ್ನು ಕೇಳಬೇಕು. “ಜನ ತುಂಬಿದ ಬಸ್ಸಿನ್ಯಾಗ ತಡಕಂತೀರಲ್ಲ, ಹಂಗ ಒಳಗ ಬಿಗಿ ಹಿಡೀರಿ. ಹತ್ತು ಎಣಿಸ್ರಿ. ಸಾವಕಾಶ ಬಿಡ್ರಿ. ರೊಟ್ಟಿ ಬಡಿಯೋವಾಗ ಮಾಡಿದ್ರೂ ನಡೀತೈತಿ, ಯಾರಿಗೂ ತಿಳಿಯಂಗಿಲ್ಲ.” ಆದರೆ ಅವರು ಬೆಳಿಗ್ಗೆ ಒಯ್ದ ನೀರಿನ ಬಾಟಲಿ ಸಂಜೆ ತುಂಬಿದ್ದು ತುಂಬಿದಂತೆಯೇ ಬರುತ್ತಿತ್ತು. ಅದು ನನ್ನ ಕಣ್ಣಿಗೆ ಬಿದ್ದಿತ್ತು. ತಲೆಗೆ ಹೋಗಲಿಲ್ಲ.

ಇನ್ನೊಂದು, ಹೂವು. ಗಂಡನ ಮನೆಯಿಂದ ಬಂದು ಒಂಟಿಯಾಗಿದ್ದ, ನಲವತ್ತು ದಾಟಿದ ಹೆಂಗಸು ದಿನಾ ಮುಡಿ ತುಂಬ ಹಡಗಲಿ ಮಲ್ಲಿಗೆ ಮುಡಿದು ಬರುತ್ತಿದ್ದರು. ಅವರು ಒಳಗೆ ಬರುವ ಮೊದಲೇ ವಾಸನೆ ಒಳಗೆ ಬರುತ್ತಿತ್ತು. ಅದನ್ನು ಆಡಿಕೊಳ್ಳುವವರು ಇದ್ದರು. ನಾನೂ ಆಡಿಕೊಂಡಿದ್ದೇನೆ.

ಒಂದು ದಿನ ನಮ್ಮ ಕೇರಿಯಲ್ಲೇ ಡಬ್ಬಿ ಹಂಚುವುದಿತ್ತು. ನಾನು ಹಟ ಹಿಡಿದು ಅಕ್ಕನನ್ನು ನಮ್ಮ ಮನೆಗೆ ಕರೆದೆ. ಅಪ್ಪ ರೈಲು ಹಳಿಯ ಕೂಲಿ ಕೆಲಸದಲ್ಲಿ ಜೀವ ತೇದವನು. ಅವ್ವ ಬೆಳಿಗ್ಗೆಯೇ ನೆಲ ಸಾರಿಸಿ, ಬುದ್ಧನ ಪಟದ ಧೂಳು ಒರೆಸಿ, ಪೆಟ್ಟಿಗೆಯಿಂದ ಹೊಸ ಕೌದಿ ತೆಗೆದು ಹಾಸಿದ್ದಳು. ನಾಲ್ಕು ಚಳಿಗಾಲ ಕೂತು ಹೊಲಿದ ಕೌದಿ, ಅದರ ಮೇಲೆ ನಮಗೇ ಕೂರಲು ಬಿಟ್ಟಿರಲಿಲ್ಲ. ಅಕ್ಕ ಬಂದರು, ಬಾಗಿಲಲ್ಲೇ ನಿಂತರು.

“ಒಳಗ ಬರ್ರಿ, ಕುಂತ್ಕಳ್ರಿ,” ಅಂದಳು ಅವ್ವ.

“ಇರ್ಲಿ ಬಿಡ್ರಿ, ನಿಂತೀನಿ. ಇನ್ನೂ ನಾಕು ಮನಿ ಅದಾವು.”

“ಒಂದು ತಟಗು ಚಾ ಆದ್ರೂ?”

“ಬ್ಯಾಡ್ರಿ ಯವ್ವಾ, ಈಗ ಕುಡದ ಬಂದೀನಿ.”

ಎಲ್ಲೂ ಕುಡಿದಿರಲಿಲ್ಲ. ಬೆಳಿಗ್ಗೆಯಿಂದ ನಾನೇ ಜೊತೆಗಿದ್ದೆ. ಅವರು ಹೋದ ಮೇಲೆ ಅವ್ವ ಕೌದಿಯನ್ನು ಮಡಚಿದಳು. “ಬಿಡು ಮಗಳಾ. ನಮ್ಮ ಮನಿ ಚಾ ಅವರು ಹೆಂಗ ಕುಡದಾರು” ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ಸಿಟ್ಟಾಗಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಮರುದಿನ ಆಫೀಸಿನಲ್ಲಿ ಅಕ್ಕ ಎಂದಿನಂತೆ ಹಾಳೆ ಬಿಡಿಸಿ ಕುರ್ಚಿಗೆ ಹಾಸುತ್ತಿದ್ದರು. ಡಾಕ್ಟರಮ್ಮ ಇದ್ದರು, ಲ್ಯಾಬಿನವನಿದ್ದ. ನಾನು ಎಲ್ಲರಿಗೂ ಕೇಳುವಂತೆ ಅಂದೆ. “ಯಾಕ್ರಿ ಅಕ್ಕಾ, ಆ ಕುರ್ಚಿಗೂ ಮೈಲಿಗಿ ಐತೇನ್ರಿ? ನಿನ್ನಿ ಅದರ ಮ್ಯಾಲೆ ನಾನು ಕುಂತಿದ್ದೆ.”

ಅಕ್ಕನ ಕೈ ನಿಂತಿತು. “ಮೈಲಿಗಿ ಕುರ್ಚಿಗೆ ಇಲ್ಲವಾ” ಎಂದಷ್ಟೇ ಹೇಳಿ, ಹಾಳೆ ಮಡಚಿಕೊಂಡು ಬಸ್ಸಿಗೆ ಹೊರಟುಹೋದರು.

ಮೂರು ತಿಂಗಳು ನಾನು ಅವರೊಂದಿಗೆ ಮಾತು ಬಿಟ್ಟೆ. ಅವರು ಡಬ್ಬಿ ತಂದು ನನ್ನ ಮೇಜಿನ ಮೇಲೆ ಇಡುವುದು, ನಾನು ಎಣಿಸಿ ತುಂಬುವುದು, ಇಷ್ಟೇ. ಎದುರುಬದುರು ಕೂತು ಇಬ್ಬರೂ ಬೇರೆಬೇರೆಯಾಗಿ ಊಟ ಮಾಡುತ್ತಿದ್ದೆವು. ನಾನು ಗೆದ್ದೆ ಎಂದೇ ಅಂದುಕೊಂಡಿದ್ದೆ.

ಆಮೇಲೊಂದು ಮಧ್ಯಾಹ್ನ, ಕಪಾಟು ಸ್ವಚ್ಛ ಮಾಡುವಾಗ, ಹಳೆಯ ಫೈಲುಗಳ ಹಿಂದೆ ಮೂರು ಡಬ್ಬಿ ಸಿಕ್ಕವು. ನಂಬರ್ ಇರಲಿಲ್ಲ. ಅಂಟಿಸಿದ ಚೀಟಿ ಉದುರಿದೆ, ಯಾರದೋ ಲೆಕ್ಕ ತಪ್ಪಿಹೋಗಿದೆ ಎಂದು ಗಾಬರಿಯಾಯಿತು. ತೆರೆದೆ. ಒಂದೊಂದರಲ್ಲೂ ಹುಣಸೆ ಬೀಜ ಎರಡೋ ಮೂರೋ, ಮೆಕ್ಕೆಜೋಳ ಮಾತ್ರ ಮುಚ್ಚಳ ಮುಟ್ಟುವಷ್ಟು. ಅಷ್ಟು ಕಾಳು ನಾನು ಬೇರೆ ಯಾರ ಡಬ್ಬಿಯಲ್ಲೂ ನೋಡಿರಲಿಲ್ಲ. ಪಾಪ, ಯಾವಳೋ ಇವಳು, ಪಟ್ಟಿಯಲ್ಲಿ ಮೊದಲು ಇರಬೇಕಾದವಳು ಅನ್ನಿಸಿತು. ಸಂಜೆ ಅಕ್ಕ ಬಂದಾಗ ಮಾತು ಬಿಟ್ಟದ್ದನ್ನು ಮರೆತು ಕೇಳಿದೆ.

“ಅಕ್ಕಾ, ಇವು ಯಾರವು? ನಂಬರ್ ಇಲ್ಲ.”

ಅವರು ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಮುಚ್ಚಳವನ್ನು ಬಿಗಿಯಾಗಿ ತಿರುವಿದರು.

“ನಂಬರ್ ಇಲ್ಲದಾಕಿವು ತಂಗಿ. ಹೆಣ್ಮಕ್ಕಳಿಗೆ ಕೊಡಾಕಿಂತ ಮೊದಲ ನಾನ ಮೂರು ದಿನ ಇಟ್ಟು ನೋಡಿದ್ದೆ. ಎಣಿಸಬಾರದಿತ್ತು. ಎಣಿಸೋತನ ಅಷ್ಟು ಅಂತ ಗೊತ್ತಿದ್ದಿಲ್ಲ.”

ಹಾಳೆ, ಕುಡಿಯದ ಚಹಾ, ತುಂಬಿದ ಬಾಟಲಿ, ಮಲ್ಲಿಗೆ, ಎಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಅವ್ವನ ನಾಲ್ಕು ಚಳಿಗಾಲದ ಕೌದಿಯನ್ನು ಹಾಳುಮಾಡಬಾರದೆಂದು ನಿಂತೇ ಇದ್ದವರಿಗೆ ನಾನು ಮೈಲಿಗೆಯ ಮಾತಾಡಿದ್ದೆ. ಶತಮಾನಗಳಿಂದ ನಮಗೆ ಆದದ್ದೇ ಇದು ಎಂದು ಎಷ್ಟು ಬೇಗ ನಂಬಿಬಿಟ್ಟೆ! ನಂಬಲು ಕಾರಣಗಳಿದ್ದವು, ಅದನ್ನು ಅಲ್ಲಗಳೆಯುವುದಿಲ್ಲ. ಆದರೂ ಅಂದು ಆದ ನಾಚಿಕೆ ಇಂದಿಗೂ ಹೋಗಿಲ್ಲ.

ಆ ಭಾನುವಾರ ಕೊಟ್ಟೂರಿಗೆ ಅವರ ಕೋಣೆಗೆ ಹೋದೆ. ಅವರು ಬಟ್ಟೆ ಒಣಗಿಸುವ ತಂತಿಯನ್ನು ಕೋಣೆಯ ಒಳಗೇ ಕಟ್ಟಿಕೊಂಡಿದ್ದರು. ಊರವರ ತಂತಿ ಓದುವವರು ತಮ್ಮದನ್ನು ಯಾರಿಗೂ ಓದಗೊಟ್ಟಿರಲಿಲ್ಲ. ಅವರನ್ನು ಹಡಗಲಿ ಕಡೆಯ ಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದರಂತೆ. ಚೊಚ್ಚಲ ಹೆರಿಗೆ, ಎರಡು ದಿನ ಮನೆಯಲ್ಲೇ ನೋವು ತಿಂದರು, ಕೂಸು ಉಳಿಯಲಿಲ್ಲ. ಆಗಿನಿಂದ ಸೋರಲು ಶುರುವಾಯಿತು. ಅತ್ತೆ ಮೊದಲು ಅಡಿಗೆಮನೆಗೆ ಬರಬೇಡ ಅಂದರು. ಆಮೇಲೆ ಹಾಸಿಗೆ ಪಡಸಾಲೆಗೆ ಬಂತು. ಆಮೇಲೆ ತವರಿಗೆ ಕಳಿಸಿದರು, ಕರೆಯಲು ಯಾರೂ ಬರಲಿಲ್ಲ. ಇದನ್ನೆಲ್ಲ ಅಕ್ಕ ಬಸ್ಸಿನ ವೇಳೆ ಹೇಳುವಂತೆ ಹೇಳಿದರು.

“ಡಾಕ್ಟರಮ್ಮಗ ಹೇಳ್ರಿ ಅಕ್ಕಾ,” ಅಂದೆ.

“ಏನಂತ ಹೇಳ್ಲಿ? ಎಲ್ಲಾರಿಗೂ ಬಿಗಿ ಹಿಡೀರಿ ಅಂತ ಹೇಳಾಕಿ ನಾನು. ದಿನಾ ನಾನೂ ಮಾಡ್ತೀನಿ, ಅವರಿಗಿಂತ ಹೆಚ್ಚು ಮಾಡ್ತೀನಿ. ಅವರಿಗೆಲ್ಲ ಕಡಿಮಿ ಆಗತೈತಿ, ನನಗಾಗವಲ್ದು. ನನ್ನ ಕಡೀನ ತಪ್ಪೈತಿ ತಂಗಿ. ಇದು ಗೊತ್ತಾದ್ರ ನನ್ನ ಮಾತು ಯಾರು ಕೇಳ್ತಾರ?”

ಎರಡು ವಾರ ಗೋಗರೆದೆ, ಜಗಳವಾಡಿದೆ, ಕೊನೆಗೆ ಊಟ ಬಿಡುತ್ತೇನೆಂದು ಹೆದರಿಸಿದೆ. ಡಾಕ್ಟರಮ್ಮ ಹಳ್ಳಿಗಳಲ್ಲಿ ತಪಾಸಣೆಯ ಕ್ಯಾಂಪ್ ಇಟ್ಟುಕೊಳ್ಳದ ದಿನ ನೋಡಿ, ನಮ್ಮ ಹಳ್ಳಿಗಳವರು ಯಾರೂ ಇಲ್ಲದ ಹೊತ್ತಿನಲ್ಲಿ, ದೊಡ್ಡ ಊರಿನ ಆಸ್ಪತ್ರೆಗೆ ಕರೆದೊಯ್ದೆ. ಮೂರು ಡಬ್ಬಿಯನ್ನೂ ನನ್ನ ಚೀಲದಲ್ಲಿ ಹಾಕಿಕೊಂಡಿದ್ದೆ. ಡಾಕ್ಟರಮ್ಮ ಡಬ್ಬಿ ತೆರೆದು ನೋಡಿದರು, ಅಕ್ಕನನ್ನು ನೋಡಿದರು, ಒಂದೇ ಒಂದು ಪ್ರಶ್ನೆ ಕೇಳಿದರು. “ಹೆರಿಗೆ ಆದಾಗಿನಿಂದ ಯಾವಾಗಲೂ ಒದ್ದೆಯೇ? ಮಲಗಿದಾಗಲೂ?” ಅಕ್ಕ ಹೌದೆಂದು ತಲೆಯಾಡಿಸಿದರು. ನಮ್ಮ ಫಾರ್ಮಿನಲ್ಲಿ ಆ ಪ್ರಶ್ನೆಯೇ ಇರಲಿಲ್ಲ.

ಮೂತ್ರಕೋಶಕ್ಕೆ ನೀಲಿ ಬಣ್ಣದ ನೀರು ಬಿಟ್ಟು ಪರೀಕ್ಷೆ ಮಾಡಿದರು. ಒಳಗಿಟ್ಟ ಹತ್ತಿ ನೀಲಿಯಾಯಿತು. ಹೊರಗೆ ಬಂದು ಡಾಕ್ಟರಮ್ಮ ಅಕ್ಕನ ಪಕ್ಕ ಕೂತು, ಅವರ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. “ಎರಡು ವರ್ಷ ನನ್ನ ಜೊತೆಗೇ ಇದ್ದು ಒಂದು ಮಾತು ಹೇಳಲಿಲ್ಲವಲ್ಲ. ಇದು ಬಿಗಿ ಹಿಡಿದರೆ ನಿಲ್ಲುವಂಥದಲ್ಲ. ಹೆರಿಗೆಯಲ್ಲಿ ಒಳಗೆ ಸಣ್ಣ ತೂತು ಬಿದ್ದಿದೆ. ಆಪರೇಷನ್ ಮಾಡಿ ಮುಚ್ಚಬೇಕು. ನೀವು ಜೀವಮಾನವಿಡೀ ವ್ಯಾಯಾಮ ಮಾಡಿದರೂ ಏನೂ ಆಗುತ್ತಿರಲಿಲ್ಲ.”

ಅಕ್ಕ ಕೇಳಿದ್ದು ಗುಣವಾಗುತ್ತದೆಯೇ ಎಂದಲ್ಲ.

“ಹಂಗಾರ ತಪ್ಪು ನಂದಲ್ಲ, ಹೌದಿಲ್ರಿ?”

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಕಿಟಕಿಯ ಕಡೆ ತಿರುಗಿ ಅತ್ತೆ.

ಆಪರೇಷನ್ ಆಯಿತು. ಎರಡು ವಾರ ಪೈಪ್ ಹಾಕಿಕೊಂಡು ಮಲಗಿದ್ದರು, ನಾನು ರಜೆ ಹಾಕಿ ಜೊತೆಗಿದ್ದೆ. ಆಫೀಸಿನಲ್ಲಿ ಅಕ್ಕ ಯಾವುದೋ ಕ್ಷೇತ್ರಕ್ಕೆ ಹೋಗಿದ್ದಾರೆಂದು ಹೇಳಿದ್ದೆ. ಪೈಪ್ ತೆಗೆದ ಮರುದಿನ ಬೆಳಿಗ್ಗೆ ಹಾಸಿಗೆಯ ಮೇಲೆ ಸುಮ್ಮನೆ ಕೂತಿದ್ದರು. ಏನಾದರೂ ಬೇಕೇ ಅಂದೆ. “ನೀರು ಕೊಡು” ಅಂದರು. ಒಂದು ಚೊಂಬು ಪೂರ್ತಿ ಕುಡಿದರು. ಫಾರ್ಮಿಗೆ ಆಮೇಲೆ ಆ ಒಂದು ಪ್ರಶ್ನೆ ಸೇರಿತು, ಅದರಿಂದ ಹರಪನಹಳ್ಳಿ ಕಡೆಯ ಮತ್ತೊಬ್ಬ ಹೆಂಗಸು ಸಿಕ್ಕಳು. ಅಕ್ಕ ಅವಳನ್ನು ತಾವೇ ಆಸ್ಪತ್ರೆಗೆ ಕರೆದೊಯ್ದರು. ಸಂಶೋಧನೆಯ ವರದಿಯಲ್ಲಿ ಅಕ್ಕನ ಗುರುತು ಎಂದರೆ ಆ ಪ್ರಶ್ನೆಯೊಂದೇ.

ಒಂದು ಭಾನುವಾರ ಹೇಳದೆ ಕೇಳದೆ ನಮ್ಮ ಮನೆಗೆ ಬಂದರು. ತಲೆಯಲ್ಲಿ ಹೂವಿರಲಿಲ್ಲ. ಅವ್ವ ತಬ್ಬಿಬ್ಬಾಗಿ ಹಳೆಯ ಚಾಪೆಗೆ ಕೈ ಹಾಕಿದಳು.

“ಯವ್ವಾ, ಆವತ್ತಿನ ಕೌದಿ ಹಾಸ್ರಿ,” ಅಂದರು ಅಕ್ಕ.

ಹಾಸಿದಳು. ಅಕ್ಕ ಅದರ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತರು. ಚಹಾ ಕುಡಿದರು, ಇನ್ನೊಂದು ಲೋಟ ಕೇಳಿ ಕುಡಿದರು, ರೊಟ್ಟಿ ತಿಂದರು, ಅವ್ವನ ಹತ್ತಿರ ಕೌದಿ ಹೊಲಿಗೆಯ ಬಗೆ ಕೇಳಿ ತಿಳಿದುಕೊಂಡರು. ಬೆಳಿಗ್ಗೆ ಕೂತವರು ದೀಪ ಹಚ್ಚುವ ಹೊತ್ತಿಗೆ ಎದ್ದರು. ಎದ್ದ ಕೂಡಲೇ ಬಗ್ಗಿ, ಕೂತಿದ್ದ ಜಾಗದ ಮೇಲೆ ಅಂಗೈ ಆಡಿಸಿದರು. ಮತ್ತೊಮ್ಮೆ ಆಡಿಸಿದರು. ಅವ್ವನಿಗೆ ಅರ್ಥವಾಗಲಿಲ್ಲ. ನಾನು ಹೇಳಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿತ್ತು. ಆದರೆ ಸಂಶೋಧನೆ ಮುಗಿಯಿತು, ಆಫೀಸಿಗೆ ಬೀಗ ಬಿತ್ತು, ಡಾಕ್ಟರಮ್ಮ ಬೇರೆ ಊರಿಗೆ ಹೋದರು. ನನಗೆ ಹರಪನಹಳ್ಳಿಯಲ್ಲಿ ಸರ್ಕಾರಿ ನೌಕರಿ ಸಿಕ್ಕಿತು. ಮೊದಮೊದಲು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೆ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಹಬ್ಬಕ್ಕೆ. ಈಗ ಎಲ್ಲರ ಮನೆಗೂ ಹೋಗುತ್ತೀರಲ್ಲ ಅಕ್ಕಾ ಎಂದು ಒಮ್ಮೆ ಚೇಷ್ಟೆ ಮಾಡಿದ್ದಕ್ಕೆ ಅವರು ಹೇಳಿದ ಮಾತು ಮರೆಯಲಾರೆ.

“ಯಾರ ಮನಿಗೆ ಹೋಗ್ಲಿ ತಂಗಿ? ಅಷ್ಟು ವರ್ಷ ಕರದಾಗ ಹೋಗ್ಲಿಲ್ಲ. ಈಗ ಕರೆಯಾದು ಬಿಟ್ಟಾರ.”

ಬರುತ್ತೇನೆ ಅಂದೆ. ಹರಪನಹಳ್ಳಿಗೂ ಕೊಟ್ಟೂರಿಗೂ ಎಷ್ಟು ಮಹಾ ದೂರ? ಹೋಗಲಿಲ್ಲ. ಒಬ್ಬರೇ ಇದ್ದರು, ಒಬ್ಬರೇ ಹೋದರು. ಎದೆನೋವಂತೆ, ಬೆಳಿಗ್ಗೆ ಬಾಗಿಲು ತೆರೆಯದ್ದನ್ನು ನೋಡಿ ಪಕ್ಕದವರು ಕೂಗಿದರಂತೆ. ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಕೋಣೆಯ ಒಳಗಿನ ತಂತಿಯ ಮೇಲೆ ಏನೂ ಇರಲಿಲ್ಲ. ಹೊರಗೆ ಬಿಸಿಲಿಗೆ ಕಟ್ಟಿದ ಹೊಸ ತಂತಿಯ ಮೇಲೆ ಒಂದು ಸೀರೆ, ಒಂದು ಲಂಗ ಒಣಗಿ ಹಾಗೇ ಇದ್ದವು.

ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತಿದ್ದಳು. “ನೀವು ಅವರಿಗೆ ಏನಾಗಬೇಕ್ರಿ?” ಎಂದು ಕೇಳಿದಳು. ಜೊತೆಗೆ ಕೆಲಸ ಮಾಡುತ್ತಿದ್ದೆ ಅಂದೆ.

“ಒಳ್ಳೇರು, ಖರೆ. ಆದ್ರ ಭಾಳ ಗತ್ತು ಬಿಡ್ರಿ. ಇಷ್ಟು ವರ್ಷ ಮಗ್ಗಲಿಗೆ ಇದ್ರು, ಒಂದಿನ ನಮ್ಮ ಮನ್ಯಾಗ ಕುಂತಾರಲ್ಲ. ಯಾರ ಮನ್ಯಾಗೂ ಕುಂತಾರಲ್ಲ.”

ಕಾರಣ ನನಗೆ ಗೊತ್ತಿತ್ತು. ಅದು ನಾನು ಹೇಳುವ ಮಾತಲ್ಲ. ತಂತಿಯಿಂದ ಸೀರೆ ಎಳೆದು ಮಡಚುತ್ತಾ ಇಷ್ಟೇ ಅಂದೆ.

“ನಮ್ಮ ಮನ್ಯಾಗ ಕುಂತಿದ್ರು ರೀ.”